ಭಾಷಾವಿಜ್ಞಾನ, ಎರಡನೇ ಭಾಷೆಯ ಬೋಧನೆ: ಎಂಎಗೆ ಅರ್ಜಿ ಹಾಕುವ ಮುಂಚೆ

ಮೊದಲನೇ ಮಾತು, ಕೋರ್ಸಿನ ಹೆಸರು ನೋಡಿ ಅರ್ಜಿ ಹಾಕಬೇಡಿ. ಲಿಂಗ್ವಿಸ್ಟಿಕ್ಸ್, ಅಪ್ಲೈಡ್ ಲಿಂಗ್ವಿಸ್ಟಿಕ್ಸ್, ಟೆಸಾಲ್ (ಬೇರೆ ಭಾಷೆಯವರಿಗೆ ಇಂಗ್ಲಿಷ್ ಕಲಿಸುವುದು), ಸೆಕೆಂಡ್ ಲ್ಯಾಂಗ್ವೇಜ್ ಸ್ಟಡೀಸ್ ಅಂತ ನಾನಾ ಹೆಸರುಗಳಿರುತ್ತವೆ. ಒಂದೇ ಹೆಸರಿನ ಎರಡು ಕೋರ್ಸುಗಳಲ್ಲಿ ಓದಿಸುವುದು ಪೂರ್ತಿ ಬೇರೆ ಬೇರೆ ಇರಬಹುದು. ಕಡ್ಡಾಯ ಪೇಪರ್‌ಗಳ ಪಟ್ಟಿ ತೆಗೆದು ನೋಡಿ. ಸಿಂಟ್ಯಾಕ್ಸ್ (ವಾಕ್ಯರಚನೆ), ಫೊನಾಲಜಿ (ಧ್ವನಿ ವ್ಯವಸ್ಥೆ), ಸೆಮ್ಯಾಂಟಿಕ್ಸ್ (ಅರ್ಥ) ಒಂದರ ಮೇಲೊಂದು ಬಂದರೆ ಅದು ಭಾಷೆಯ ರಚನೆಯನ್ನೇ ಅಗೆಯುವ ಓದು. ಪರೀಕ್ಷೆ ರೂಪಿಸುವುದು, ಪಠ್ಯಕ್ರಮ, ಪ್ರಾಕ್ಟಿಕಮ್ (ಪಾಠ ಮಾಡುವ ಅಭ್ಯಾಸ) ಇದ್ದರೆ ಅದು ಟೀಚರ್ ಆಗುವವರ ದಾರಿ. ಇವೆರಡರ ನಡುವೆ ಇನ್ನೊಂದಿದೆ, ಎರಡನೇ ಭಾಷೆ ತಲೆಗೆ ಹತ್ತುವುದು ಹೇಗೆ ಅನ್ನೋ ಸಂಶೋಧನೆ. ಅಲ್ಲಿ ಪಾಠ ಹೇಳುವುದನ್ನು ಕಲಿಸುತ್ತಾರೆ ಅಂದುಕೊಂಡು ಹೋದರೆ ನಿರಾಸೆಯೇ.

ಈ ಮೂರರಲ್ಲಿ ನಿಮಗೆ ಯಾವುದು ಅಂತ ತಿಳಿಯೋಕೆ ಮನೆಯಲ್ಲೇ ಒಂದು ಕೆಲಸ ಮಾಡಿ. ನಿಮ್ಮ ಭಾಷೆಯನ್ನು ಹೊಸದಾಗಿ ಕಲಿಯುತ್ತಿರುವ ಒಬ್ಬರನ್ನು ಹಿಡಿಯಿರಿ, ಒಪ್ಪಿಗೆ ಕೇಳಿ, ನಿನ್ನೆ ಏನೇನು ಮಾಡಿದರು ಅಂತ ಐದು ನಿಮಿಷ ಮಾತಾಡಿಸಿ ರೆಕಾರ್ಡ್ ಮಾಡಿ. ಆಮೇಲೆ ಕೂತು ಬರೆದುಕೊಳ್ಳಿ. ತಡವರಿಕೆ, ಅರ್ಧಕ್ಕೆ ಬಿಟ್ಟ ಪದ, ಮಧ್ಯದ ಮೌನ ಎಲ್ಲಾ ಬರಬೇಕು, ಏನನ್ನೂ ತಿದ್ದಬಾರದು. ಒಂದು ನಿಮಿಷದ ಮಾತಿಗೇ ಅರ್ಧ ಗಂಟೆ ಹೋದರೆ ಗಾಬರಿಯಾಗಬೇಡಿ, ಮೊದಲಲ್ಲಿ ಹಾಗೇ.

ಕನ್ನಡ ಕಲಿಯುವವರು "ನಾನು ನೀರು ಬೇಕು", "ನಾನು ಗೊತ್ತಿಲ್ಲ" ಅಂದರು ಅಂತಿಟ್ಟುಕೊಳ್ಳಿ. ತಪ್ಪು ಅಂತ ಕೆಂಪು ಗೆರೆ ಎಳೆದರೆ ಕೆಲಸ ಮುಗಿಯಿತು, ಆದರೆ ಏನೂ ತಿಳಿಯಲಿಲ್ಲ. ಅದೇ ರೆಕಾರ್ಡಿಂಗ್‌ನಲ್ಲಿ "ನನಗೆ" ಬೇರೆಲ್ಲಾದರೂ ಬಂದಿದೆಯಾ ಹುಡುಕಿ. "ನನಗೆ ಕೊಡಿ" ಅಂತ ಸರಿಯಾಗಿ ಹೇಳಿದ್ದರೆ ರೂಪ ಅವರಿಗೆ ಗೊತ್ತು ಅಂತಾಯಿತು, ಬೇಕು, ಗೊತ್ತು, ಇಷ್ಟ ಇಂಥ ಪದಗಳ ಜೊತೆಗೂ ಅದೇ ಬರಬೇಕು ಅನ್ನೋದು ಮಾತ್ರ ಇನ್ನೂ ಹೊಳೆದಿಲ್ಲ. ರೂಪವೇ ಗೊತ್ತಿಲ್ಲದವರಿಗೆ ಮಾಡುವ ಪಾಠ ಇವರಿಗೆ ಸುಮ್ನೆ ದಂಡ. ಇಂಗ್ಲಿಷ್ ಪ್ರಭಾವ ಅಂತ ತಕ್ಷಣ ತೀರ್ಮಾನಿಸಲೂಬೇಡಿ. ಹಿಂದಿಯವರು "ಮುಝೇ ಚಾಹಿಯೇ" ಅಂತಾರೆ, ತಮಿಳರು "ಎನಕ್ಕು ವೇಣುಂ" ಅಂತಾರೆ, ಎರಡರಲ್ಲೂ ಇರುವುದು ನಮ್ಮ "ನನಗೆ"ಯೇ. ಅವರೂ "ನಾನು ಬೇಕು" ಅಂದರೆ ಕಾರಣ ಮಾತೃಭಾಷೆಯಲ್ಲಿ ಸಿಗುವುದಿಲ್ಲ, ಬೇರೆ ಕಡೆ ಹುಡುಕಬೇಕು, ಅಲ್ವಾ?

ಇಷ್ಟು ಓದುವಾಗಲೇ ಆ ವಾಕ್ಯ ಒಳಗೆ ಹೇಗೆ ಕಟ್ಟಿಕೊಂಡಿದೆ ಅಂತ ಕುತೂಹಲ ಬಂದರೆ ಥಿಯರಿ ಕಡೆ ಹೋಗಿ. ಇವರಿಗೆ ನಾಳೆ ಏನು ಅಭ್ಯಾಸ ಕೊಡಲಿ ಅಂತ ಕೈ ತುರಿಸಿದರೆ ಬೋಧನೆ. ಇದೇ ತಪ್ಪು ಆರು ತಿಂಗಳ ನಂತರವೂ ಇರುತ್ತಾ ಅಂತ ಅನ್ನಿಸಿದರೆ ಮೂರನೆಯದು. ಬರೆದುಕೊಳ್ಳುವುದೇ ಬೇಜಾರಾದರೆ ಅರ್ಜಿ ಶುಲ್ಕ ಉಳಿಯಿತು ಅಂದುಕೊಳ್ಳಿ.

ಕಲಿಯುವವರ ತಪ್ಪಿಗೂ ಒಂದು ಕ್ರಮ ಇದೆ ಅನ್ನೋ ವಿಚಾರ ಹೊಸದಲ್ಲ. ಭಾಷಾವಿಜ್ಞಾನಿ ಪಿಟ್ ಕಾರ್ಡರ್ 1967ರಲ್ಲೇ ಇದರ ಬಗ್ಗೆ ಲೇಖನ ಬರೆದರು. 1972ರಲ್ಲಿ ಲ್ಯಾರಿ ಸೆಲಿಂಕರ್ ಕಲಿಯುವವರು ಮಾತೃಭಾಷೆಗೂ ಹೊಸ ಭಾಷೆಗೂ ನಡುವೆ ಕಟ್ಟಿಕೊಳ್ಳುವ ಭಾಷೆಗೆ ಇಂಟರ್‌ಲ್ಯಾಂಗ್ವೇಜ್ ಅನ್ನೋ ಹೆಸರನ್ನು ನೆಲೆಗೊಳಿಸಿದರು. ಸ್ಟೀಫನ್ ಕ್ರಾಶೆನ್ ಅರ್ಥವಾಗುವ ಮಾತನ್ನು ಕೇಳುವುದೇ ಮುಖ್ಯ ಅಂದರು. ಮೆರಿಲ್ ಸ್ವೇನ್ 1985ರಲ್ಲಿ ಕೆನಡಾದ ಫ್ರೆಂಚ್ ಇಮ್ಮರ್ಶನ್ ಮಕ್ಕಳನ್ನು (ಶಾಲೆಯ ಪಾಠಗಳನ್ನೇ ಫ್ರೆಂಚಿನಲ್ಲಿ ಕಲಿಯುವವರು) ತೋರಿಸಿ, ವರ್ಷಗಟ್ಟಲೆ ಕೇಳಿದರೂ ಇವರ ವ್ಯಾಕರಣ ಕುಂಟುತ್ತಿದೆ, ಸ್ವತಃ ಮಾತಾಡಲೇಬೇಕು ಅಂತ ವಾದಿಸಿದರು. ಅರ್ಜಿಗೆ ಮುಂಚೆ ಈ ಜಗಳವನ್ನು ಓದಿಕೊಂಡರೆ ಸಾಕು, ದಪ್ಪ ಪಠ್ಯಪುಸ್ತಕ ಆಮೇಲೆ ಓದಿದರಾಯಿತು.

ಸ್ಟೇಟ್‌ಮೆಂಟ್ ಆಫ್ ಪರ್ಪಸ್‌ನಲ್ಲಿ, ಅಂದರೆ ಈ ಕೋರ್ಸು ಯಾಕೆ ಬೇಕು ಅಂತ ಅರ್ಜಿ ಜೊತೆ ಬರೆಯುವ ಬರಹದಲ್ಲಿ, "ಚಿಕ್ಕಂದಿನಿಂದಲೂ ನನಗೆ ಭಾಷೆ ಅಂದರೆ ಪ್ರಾಣ" ಅಂತ ದಯವಿಟ್ಟು ಬರೆಯಬೇಡಿ. ಅರ್ಜಿ ಹಾಕುವವರೆಲ್ಲರಿಗೂ ಅದು ಪ್ರಾಣವೇ. ಮೇಲಿನ ರೆಕಾರ್ಡಿಂಗ್‌ನಿಂದ ಹುಟ್ಟಿದ ಒಂದು ಪ್ರಶ್ನೆ ಇಡಿ, ನೀವು ಏನು ಕಂಡಿರಿ, ಅದನ್ನು ಮುಂದೆ ಹೇಗೆ ಪರೀಕ್ಷಿಸುತ್ತೀರಿ, ಆ ವಿಭಾಗದಲ್ಲಿ ಯಾರ ಕೆಲಸ ಅದಕ್ಕೆ ಹತ್ತಿರವಿದೆ ಅಂತ ಎರಡು ಪ್ಯಾರಾದಲ್ಲಿ ಹೇಳಿ. ಆ ಪ್ರಾಧ್ಯಾಪಕರು ಈಚೆಗೆ ಏನಾದರೂ ಪ್ರಕಟಿಸಿದ್ದಾರಾ, ಹೊಸ ವಿದ್ಯಾರ್ಥಿಗಳನ್ನು ತಗೊಳ್ಳುತ್ತಿದ್ದಾರಾ ಅಂತಲೂ ನೋಡಿಕೊಳ್ಳಿ. ವೆಬ್‌ಸೈಟ್‌ನಲ್ಲಿ ಹೆಸರಿದ್ದ ಮಾತ್ರಕ್ಕೆ ಗೈಡ್ ಆಗುತ್ತಾರೆ ಅಂತಲ್ಲ.

ಬೋಧನೆ ಕಡೆ ಹೋಗುವವರು ಪ್ರಾಕ್ಟಿಕಮ್ ಬಗ್ಗೆ ಬಿಡದೆ ಕೇಳಿ. ನಿಜವಾದ ಕಲಿಯುವವರ ಮುಂದೆ ನಿಲ್ಲಿಸುತ್ತಾರಾ, ಇಲ್ಲಾ ಸಹಪಾಠಿಗಳನ್ನೇ ವಿದ್ಯಾರ್ಥಿಗಳೆಂದು ಕೂರಿಸುತ್ತಾರಾ? ಕೇಂಬ್ರಿಜ್‌ನ ಸೆಲ್ಟಾ ಇಂಗ್ಲಿಷ್ ಕಲಿಸುವವರ ಚಿಕ್ಕ ಸರ್ಟಿಫಿಕೇಟ್ ಕೋರ್ಸು, ಅದರಲ್ಲೇ 6 ಗಂಟೆ ನಿಜವಾದ ತರಗತಿ ಇರುತ್ತದೆ. ಪೂರ್ತಿ ಎಂಎಯಲ್ಲಿ ಅಷ್ಟೂ ಸಿಗದಿದ್ದರೆ ನನ್ನ ಪ್ರಕಾರ ಆ ಎಂಎ ಬೇಡ. ಸರ್ಕಾರಿ ಶಾಲೆಗಳಲ್ಲಿ ಪಾಠ ಮಾಡಲು ಎಷ್ಟೋ ದೇಶಗಳಲ್ಲಿ ಎಂಎ ಸಾಲದು, ಟೀಚಿಂಗ್ ಲೈಸೆನ್ಸ್ ಬೇರೆಯೇ ಬೇಕು. ಇದನ್ನು ಸೇರುವ ಮುಂಚೆಯೇ ವಿಚಾರಿಸಿ.

ಸೇರಿದ ಮೇಲೆ ಮೊದಲ ತಿಂಗಳಲ್ಲೇ ಐಪಿಎ ಚಾರ್ಟ್ (ಎಲ್ಲಾ ಭಾಷೆಗಳ ಧ್ವನಿಗಳಿಗೆ ಒಂದೇ ಲಿಪಿಯ ಪಟ್ಟಿ) ಕೈಗೆ ಕೂರಿಸಿಕೊಳ್ಳಿ. ಬರೀ ನೋಡಿದರೆ ಆಗದು, ಗಟ್ಟಿಯಾಗಿ ಉಚ್ಚರಿಸಬೇಕು, ಪಕ್ಕದವರು ನಕ್ಕರೆ ನಗಲಿ. ಮಾತಿನ ಧ್ವನಿಯನ್ನು ವಿಶ್ಲೇಷಿಸುವ ಪ್ರಾಟ್ ಅನ್ನೋ ತಂತ್ರಾಂಶ ಉಚಿತ, ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದಲ್ಲಿ ಮಾಡಿದ್ದು. ಅದರಲ್ಲಿ ನಿಮ್ಮದೇ "ತಲೆ" ಮತ್ತು "ದಳ" ರೆಕಾರ್ಡ್ ಮಾಡಿ ನೋಡಿದರೆ ತ, ದ ಎರಡರ ಅಂತರ ಪರದೆ ಮೇಲೆ ಕಾಣುತ್ತದೆ: ದಕಾರದಲ್ಲಿ ಗಾಳಿ ಬಿಡುಗಡೆಯಾಗುವ ಮುಂಚೆಯೇ ಗಂಟಲಿನ ಕಂಪನ ಶುರುವಾಗಿರುತ್ತದೆ. ಸಿಂಟ್ಯಾಕ್ಸ್ ಹೋಂವರ್ಕ್ ಹಿಂದಿನ ರಾತ್ರಿಗೆ ಇಟ್ಟುಕೊಳ್ಳಬೇಡಿ. ಅದು ಓದಿ ಬರುವಂಥದ್ದಲ್ಲ, ಬಿಡಿಸಿ ಬರುವಂಥದ್ದು. ಸ್ಟ್ಯಾಟಿಸ್ಟಿಕ್ಸ್ ಐಚ್ಛಿಕವಾಗಿದ್ದರೂ ತಗೊಳ್ಳಿ.

ಪಿಎಚ್‌ಡಿ ಆಸೆಯಿದ್ದರೆ ಪೋರ್ಟ್‌ಫೋಲಿಯೋ (ಕೋರ್ಸಿನಲ್ಲಿ ಮಾಡಿದ ಕೆಲಸಗಳ ಸಂಗ್ರಹ) ಬಿಟ್ಟು ಥೀಸಿಸ್ ಆರಿಸಿ. ಮನುಷ್ಯರಿಂದ ಡೇಟಾ ತೆಗೆಯುವುದಾದರೆ ಎಥಿಕ್ಸ್ ಸಮಿತಿಯ ಅನುಮತಿ ಮೊದಲು ಬರಬೇಕು, ಅದಕ್ಕೆ ವಾರಗಟ್ಟಲೆ ಹಿಡಿಯಬಹುದು. ಅನುಮತಿಗೆ ಮುಂಚೆ ಮಾಡಿದ ರೆಕಾರ್ಡಿಂಗ್ ಎಷ್ಟೇ ಚೆನ್ನಾಗಿದ್ದರೂ ಸಾಮಾನ್ಯವಾಗಿ ಥೀಸಿಸ್‌ಗೆ ಬಳಸೋ ಹಾಗಿಲ್ಲ. ಹಾಗಾಗಿ ಆ ಫಾರ್ಮ್ ಅನ್ನು ಡೇಟಾ ಬೇಕಾಗುವ ಸೆಮಿಸ್ಟರ್‌ಗಿಂತ ಒಂದು ಸೆಮಿಸ್ಟರ್ ಮುಂಚೆಯೇ ಗೈಡ್ ಜೊತೆ ಕೂತು ತುಂಬಿಸಿ.