ಬೀದಿಯಲ್ಲಿ ಹಬ್ಬ ಮಾಡುವ ಮುನ್ನ: ಅನುಮತಿ, ಧ್ವನಿವರ್ಧಕ, ಮೆರವಣಿಗೆ

ಮನೆಯೊಳಗಿನ ಪೂಜೆಗೆ ಯಾರ ಅಪ್ಪಣೆಯೂ ಬೇಕಿಲ್ಲ. ಅದೇ ಪೂಜೆ ಶಾಮಿಯಾನ, ಮೈಕ್‌ಸೆಟ್, ಮೆರವಣಿಗೆಗಳೊಡನೆ ಬೀದಿಗೆ ಇಳಿದಾಗ ನೆರೆಹೊರೆಯವರೂ ದಾರಿಹೋಕರೂ ಅದರಲ್ಲಿ ಪಾಲುದಾರರಾಗುತ್ತಾರೆ. ಸಂವಿಧಾನದ 25ನೇ ವಿಧಿಯು ಧರ್ಮಾಚರಣೆಯ ಹಕ್ಕನ್ನು ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ ಮತ್ತು ಆರೋಗ್ಯಕ್ಕೆ ಒಳಪಡಿಸಿಯೇ ಕೊಟ್ಟಿದೆ. ಗಣೇಶೋತ್ಸವವಾಗಲಿ, ಉರುಸ್ ಆಗಲಿ, ಚರ್ಚಿನ ತೇರಾಗಲಿ, ಕಾನೂನು ಒಂದೇ.

ಹಬ್ಬಕ್ಕೆ ಎರಡು ವಾರ ಮೊದಲೇ ಅರ್ಜಿ ಕೊಡುವುದು ಲೇಸು. ಮೈಸೂರು ನಗರದಲ್ಲಾದರೆ ನಿಮ್ಮ ಪೊಲೀಸ್ ಠಾಣೆಗೂ ಮಹಾನಗರ ಪಾಲಿಕೆಗೂ, ಮಂಡ್ಯದ ಹಳ್ಳಿಗಳಲ್ಲಾದರೆ ಠಾಣೆಗೂ ಗ್ರಾಮ ಪಂಚಾಯಿತಿಗೂ ಬರೆದುಕೊಳ್ಳಿ. ಪೆಂಡಾಲಿನ ಜಾಗ, ದಿನಗಳು, ಧ್ವನಿವರ್ಧಕಗಳ ಸಂಖ್ಯೆ, ಮೆರವಣಿಗೆ ಹೊರಡುವ ಹೊತ್ತು ಮತ್ತು ಸಾಗುವ ಬೀದಿಗಳನ್ನು ಅರ್ಜಿಯಲ್ಲಿ ನಮೂದಿಸಿ, ಸ್ವೀಕೃತಿಯನ್ನು ತಪ್ಪದೆ ಪಡೆಯಿರಿ. ದೀಪಾಲಂಕಾರಕ್ಕೆ ಈ ಭಾಗದ ವಿದ್ಯುತ್ ಕಂಪನಿಯಾದ ಸೆಸ್ಕ್‌ನ ಕಚೇರಿಯಿಂದ ತಾತ್ಕಾಲಿಕ ಸಂಪರ್ಕ ಪಡೆಯಬೇಕು. ಕಂಬದ ತಂತಿಗೆ ಕೊಕ್ಕೆ ಹಾಕುವುದು ಅಪರಾಧ, ಮಳೆಗಾಲದಲ್ಲಿ ಪ್ರಾಣಕ್ಕೂ ಸಂಚಕಾರ.

ಹೆಚ್ಚಿನ ತಕರಾರು ಹುಟ್ಟುವುದು ಶಬ್ದದಿಂದ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಲಿಖಿತ ಅನುಮತಿಯಿಲ್ಲದೆ ಧ್ವನಿವರ್ಧಕ ಬಳಸುವಂತಿಲ್ಲ, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಹಾಕುವಂತೆಯೇ ಇಲ್ಲ. ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿ 12ರವರೆಗೆ ಸಡಿಲಿಸುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆಯೇ ಹೊರತು ಠಾಣೆಯ ಸಾಹೇಬರಿಗಾಗಲಿ, ವಾರ್ಡಿನ ಮುಖಂಡರಿಗಾಗಲಿ ಇಲ್ಲ. ವಸತಿ ಪ್ರದೇಶಕ್ಕೆ ಹಗಲಿನ ಮಿತಿ 55 ಡೆಸಿಬಲ್. ಧ್ವನಿವರ್ಧಕವಿರುವ ಸಾರ್ವಜನಿಕ ಸ್ಥಳದ ಅಂಚಿನಲ್ಲಿ ಅದಕ್ಕಿಂತ 10 ಹೆಚ್ಚು, ಎಂದರೆ 65ರವರೆಗೆ ಸಲ್ಲುತ್ತದೆ. ಡಿಜೆ ಪೆಟ್ಟಿಗೆಗಳು ಈ ಅಂಕಿಯೊಳಗೆ ನಿಲ್ಲುವುದು ಕಷ್ಟ. ಚೆನ್ನೈನ ಚರ್ಚೊಂದರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2000ದಲ್ಲೇ, ಇತರರ ನೆಮ್ಮದಿ ಕೆಡಿಸಿ ಪ್ರಾರ್ಥಿಸಬೇಕೆಂದು ಯಾವ ಧರ್ಮವೂ ವಿಧಿಸುವುದಿಲ್ಲ ಎಂದು ಸ್ಪಷ್ಟಪಡಿಸಿದೆ.

ಅನುಮತಿ ಪತ್ರದ ಹಿಂಬದಿಯಲ್ಲಿರುವ ಷರತ್ತುಗಳನ್ನು ಓದದೆ ಮುಚ್ಚಳಿಕೆಗೆ ಸಹಿ ಹಾಕಬೇಡಿ. ನಮ್ಮ ಬೀದಿಯ ಸಮಿತಿಗೆ ಒಂದು ವರ್ಷ ಎರಡು ಪೆಟ್ಟಿಗೆಗೆ ಒಪ್ಪಿಗೆ ಸಿಕ್ಕಿತ್ತು. ಮೈಕ್‌ಸೆಟ್‌ನವರು ಇಳಿಸಿದ್ದು ಆರು. ಸಂಜೆ ಬಂದ ಪೊಲೀಸರು ಹಾಳೆಯನ್ನು ತಿರುಗಿಸಿ ಓದಿದಾಗ ಅದರಡಿ ಇದ್ದದ್ದು ನಮ್ಮದೇ ಸಹಿ. ಗೊತ್ತುಪಡಿಸಿದ ಮಾರ್ಗವನ್ನೂ ಕೊನೆಗಳಿಗೆಯಲ್ಲಿ ಬದಲಿಸಬಾರದು. 2024ರ ಸೆಪ್ಟೆಂಬರ್‌ನಲ್ಲಿ ಗಣೇಶ ಮೆರವಣಿಗೆಯ ವೇಳೆ ನಾಗಮಂಗಲದಲ್ಲಿ ಗಲಭೆಯಾದ ಬಳಿಕ ಪೂಜಾಸ್ಥಳಗಳ ಮುಂದಿನ ಹಾದಿಯ ಬಗ್ಗೆ ಪೊಲೀಸರು ಬಿಗಿಯಾಗಿರುವುದು ಸಹಜ.

ಮಾರಿಹಬ್ಬ ಮಾಡುವ ಊರುಗಳಿಗೆ ಇನ್ನೆರಡು ಕಾಯ್ದೆಗಳ ಅರಿವಿರಬೇಕು. 1959ರ ಪ್ರಾಣಿಬಲಿ ತಡೆ ಕಾಯ್ದೆಯು ಗುಡಿಯ ಆವರಣದಲ್ಲೂ ಬೀದಿಯ ಧಾರ್ಮಿಕ ಮೆರವಣಿಗೆಯಲ್ಲೂ ಬಲಿಯನ್ನು ನಿಷೇಧಿಸುತ್ತದೆ. 2017ರ ಮೌಢ್ಯ ನಿಷೇಧ ಕಾಯ್ದೆಯ ಪಟ್ಟಿಯಲ್ಲಿ ಕೆನ್ನೆಗೆ ಸರಳು ಚುಚ್ಚುವ ಬಾಯಿಬೀಗವೂ, ಬಲವಂತವಾಗಿ ಕೆಂಡ ಹಾಯಿಸುವುದೂ ಸೇರಿವೆ.

ಹಬ್ಬ ಮುಗಿದ ಮೇಲೆ ಕಟ್ಟೆಯನ್ನು ಹಾಗೆಯೇ ಉಳಿಸಿಕೊಂಡು ಗುಡಿ ಮಾಡುವ ಆಸೆ ಬೇಡ. ರಸ್ತೆ, ಉದ್ಯಾನಗಳಲ್ಲಿ ಹೊಸ ಪೂಜಾಸ್ಥಳ ಕಟ್ಟಕೂಡದೆಂದು ಸುಪ್ರೀಂ ಕೋರ್ಟ್ 2009ರಲ್ಲಿ ಆದೇಶಿಸಿದೆ. ನಂಜನಗೂಡು ತಾಲ್ಲೂಕಿನ ಹುಚ್ಚಗಣಿಯ ದೇವಸ್ಥಾನವನ್ನು 2021ರಲ್ಲಿ ಕೆಡವಿದ ಬಳಿಕ ಬಂದ ರಾಜ್ಯದ ಕಾಯ್ದೆಯೂ ಆಗಲೇ ಇದ್ದ ಕಟ್ಟಡಗಳಿಗಷ್ಟೇ ರಕ್ಷಣೆ ಕೊಡುತ್ತದೆ.

ಅನುಮತಿ ನಿರಾಕರಿಸಿದರೆ ಬಾಯಿಮಾತಿಗೆ ತೃಪ್ತರಾಗದೆ ಕಾರಣ ನಮೂದಿಸಿದ ಹಿಂಬರಹವನ್ನು ಕೇಳಿ ಪಡೆಯಿರಿ. ಮೇಲಧಿಕಾರಿಗಳ ಬಳಿಗೆ ಹೋಗುವುದಿದ್ದರೂ ಹೈಕೋರ್ಟಿನಲ್ಲಿ ರಿಟ್ ಅರ್ಜಿ ಹಾಕುವುದಿದ್ದರೂ ಮೊದಲು ಕೇಳುವುದು ಆ ಕಾಗದವನ್ನೇ.