ಜರ್ಮನಿಗೆ ಹೊರಟವರು ಊರು ಆರಿಸುವ ಮುಂಚೆ

ತೀರ್ಥಹಳ್ಳಿಯ ನಮ್ಮ ಪಕ್ಕದ ಮನೆ ಹುಡುಗ ಮ್ಯೂನಿಕ್ಕೇ ಬೇಕು ಅಂತ ಹಟ ಹಿಡಿದಿದ್ದಾನೆ. ಸಂಬಳ ಚೆನ್ನಾಗಿದೆ, ನಿಜ. ಆದರೆ ಜರ್ಮನಿಯಲ್ಲಿ ಬಾಡಿಗೆ ತೀರಾ ಜಾಸ್ತಿ ಇರುವುದೂ ಅಲ್ಲೇ. ಮೊನ್ನೆ ಫೋನಿನಲ್ಲಿ ಒಂದು ಮನೆ ತೋರಿಸಿ, ‘ಪರವಾಗಿಲ್ಲ ಅಲ್ವಾ ಅಕ್ಕಾ?’ ಅಂದ. ಬಾಡಿಗೆ ಪಕ್ಕ ‘ಕಾಲ್ಟ್‌ಮೀಟೆ’ ಅಂತಿತ್ತು. ಅದು ಬರೀ ಮನೆಯ ಬಾಡಿಗೆ. ಮನೆ ಬೆಚ್ಚಗಿಡುವ ಖರ್ಚು, ನೀರು, ಕಸ ಎಲ್ಲ ಸೇರಿದರೆ ‘ವಾರ್ಮ್‌ಮೀಟೆ’. ಕರೆಂಟು ಬಿಲ್ಲು ಸಾಮಾನ್ಯವಾಗಿ ಅದಕ್ಕೂ ಹೊರಗೆ. ಊರು ಊರು ಹೋಲಿಸುವಾಗ ಈ ಎರಡನೇ ಲೆಕ್ಕವನ್ನೇ ಹಿಡಿಯಿರಿ. ಕೆಲಸ ಸಿಗುವುದಾದರೆ ಬಾಡಿಗೆ ಅಷ್ಟಿಲ್ಲದ ಲೈಪ್‌ಜಿಗ್‌ನಂಥ ಊರನ್ನೂ ನೋಡಿ.

ಇನ್ನು ಅಲ್ಲಿನ ಹವೆ. ಮಳೆಗೆ ನಾವು ಹೆದರುವವರಲ್ಲ, ಆಗುಂಬೆ ಪಕ್ಕದವರು! ಕಷ್ಟ ಕತ್ತಲೆಯದು. ಉತ್ತರ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಡಿಸೆಂಬರ್‌ನಲ್ಲಿ ಸಂಜೆ 4ಕ್ಕೇ ಹೊತ್ತು ಮುಳುಗುತ್ತದೆ. ಅಲ್ಲಿ ಪರಿಚಯದವರಿದ್ದರೆ ಜನವರಿಯಲ್ಲಿ ವಿಡಿಯೋ ಕಾಲ್ ಮಾಡಿ, ಕಿಟಕಿಯಾಚೆ ತೋರಿಸಿ ಅನ್ನಿ.