ಕಲ್ಪನೆಯ ರಾಜ್ಯ ಕಟ್ಟಲು ಅಘನಾಶಿನಿಯ ಕೆಸರು

ಕುಮಟಾದಲ್ಲಿ ಜಡಿಮಳೆಯ ಒಂದು ಭಾನುವಾರ. ನಾವು ಐದು ಜನ ಮೇಜಿನ ಸುತ್ತ ಕೂತಿದ್ದೆವು. ಮಾತಲ್ಲೇ ಕಥೆ ಕಟ್ಟಿ, ಪಾತ್ರವಾಗಿ ಆಡುವ ಆಟ (ರೋಲ್ ಪ್ಲೇಯಿಂಗ್ ಗೇಮ್). ನಡೆಸುವ ಸರದಿ ನನ್ನದು. ಎತ್ತರದ ಕೋಟೆ, ಹಿಮದ ಬೆಟ್ಟ, ಕಲ್ಲು ಹಾಸಿದ ಬೀದಿ, ಎಲ್ಲ ವರ್ಣಿಸಿ ಮುಗಿಸಿದೆ. ಗಜನಿ ಎಂಬ ಉಪ್ಪುನೀರಿನ ತಗ್ಗು ಗದ್ದೆಯ ಬೇಸಾಯದ ಮನೆಯಿಂದ ಬಂದ ಗೆಳೆಯ ಕೇಳಿದ: ‘ಅಲ್ಲ ಮಾರಾಯ, ಈ ಊರವರು ಉಣ್ಣೋದು ಎಂತ? ಗದ್ದೆ ಎಲ್ಲುಂಟು?’

ನನ್ನ ಹತ್ತಿರ ಉತ್ತರ ಇರಲಿಲ್ಲ. ಆಟ ಮುಂದುವರಿಯಿತು, ಆದರೆ ಆ ಕೋಟೆಯನ್ನು ಆಮೇಲೆ ಯಾರೂ ನಂಬಲಿಲ್ಲ. ಮುಂದಿನ ವಾರ ನಾನು ಅಘನಾಶಿನಿ ಹೊಳೆ ಸಮುದ್ರ ಸೇರುವ ತದಡಿಗೆ ಹೋದೆ. ಅಲ್ಲಿಂದ ಕಲಿತದ್ದನ್ನೇ ಇಲ್ಲಿ ಹೇಳುತ್ತಿದ್ದೇನೆ.

ಈ ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಒಬ್ಬರು ಕಥೆ ನಡೆಸುತ್ತಾರೆ, ಅವರನ್ನು ಗೇಮ್ ಮಾಸ್ಟರ್ ಅನ್ನುತ್ತಾರೆ. ಉಳಿದವರು ಒಂದೊಂದು ಪಾತ್ರವಾಗಿ ಮಾತಾಡುತ್ತಾರೆ, ಏನು ಮಾಡುತ್ತೇವೆ ಎಂದು ಹೇಳುತ್ತಾರೆ. ಮಾಡಿದ ಕೆಲಸ ಕೈಗೂಡಿತೋ ಇಲ್ಲವೋ ಎಂದು ದಾಳ ಹೇಳುತ್ತದೆ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’ನಿಂದ ಇದು ಹೆಸರಾಯಿತು. ಬೇಕಾದದ್ದು ಕಾಗದ, ಪೆನ್ಸಿಲ್, ದಾಳ ಮತ್ತು ಒಂದು ಲೋಕ. ಆ ಲೋಕ ಕಟ್ಟುವುದೇ ಕಷ್ಟದ ಕೆಲಸ.

ಮೊದಲು: ನೋಟ ಬಿಡಿ, ಕೆಲಸ ನೋಡಿ

ಉತ್ತರ ಕನ್ನಡದವರಿಗೆ ಕಲ್ಪನೆಯ ಲೋಕ ಎಂದ ತಕ್ಷಣ ಹೊಳೆಯುವುದು ಯಾಣ. ಕಾಡಿನ ನಡುವೆ ಎದ್ದು ನಿಂತ ಕಪ್ಪು ಬಂಡೆ, ಭಸ್ಮಾಸುರನ ಕಥೆ. ಚಂದವೇ. ಆದರೆ ಅಲ್ಲಿಂದ ಶುರು ಮಾಡಬೇಡಿ. ಬಂಡೆಯನ್ನು ಆಟಗಾರರು ನೋಡಿ ‘ವಾವ್’ ಅನ್ನುತ್ತಾರೆ, ಆಮೇಲೆ ಮುಂದೆ ನಡೆಯುತ್ತಾರೆ. ಜನ ಕೆಲಸ ಮಾಡುತ್ತಿರುವ ಜಾಗದಲ್ಲಿ ಆದರೆ ನಿಂತು ಮಾತಾಡುತ್ತಾರೆ.

ಇಳಿತದ ಹೊತ್ತಿಗೆ ಅಘನಾಶಿನಿಯ ಅಳಿವೆಗೆ ಹೋಗಿ. ಸೊಂಟದವರೆಗಿನ ನೀರಲ್ಲಿ ನಿಂತು ಬಳಚು (ತಿನ್ನುವ ಚಿಪ್ಪುಜೀವಿ) ಆರಿಸುವವರು ಕಾಣುತ್ತಾರೆ. ಒಂದು ಗಂಟೆ ಸುಮ್ನೆ ನೋಡಿ. ಅವರು ಬಂದದ್ದು ಎಷ್ಟು ಹೊತ್ತಿಗೆ? ತಂದದ್ದು ಏನು? ಆರಿಸಿದ್ದನ್ನು ದಡದಲ್ಲಿ ಕೊಳ್ಳುವವರು ಯಾರು? ಮಗು ಜೊತೆಗಿದ್ದರೆ ಅದನ್ನು ಎಲ್ಲಿ ಕೂರಿಸಿದ್ದಾರೆ? ಉತ್ತರ ಗೊತ್ತಾಗದಿದ್ದರೆ ಅವರ ಬಿಡುವು ನೋಡಿಕೊಂಡು ಕೇಳಿ. ನಾನು ಕೇಳಿದಾಗಲೆಲ್ಲ ಜನ ಹೇಳಿದ್ದಾರೆ. ಫೋಟೊ ತೆಗೆಯುವುದಕ್ಕಿಂತ ಕೈಯಲ್ಲಿ ಬರೆದುಕೊಳ್ಳುವುದು ಒಳ್ಳೆಯದು. ಬರೆಯುವಾಗ ವಾಸನೆ, ಸದ್ದು ಎಲ್ಲ ಜೊತೆಗೆ ಬರುತ್ತವೆ.

ಆಮೇಲೆ: ಒಂದೇ ಸಂಗತಿ ಹಿಡಿದು ‘ಆಮೇಲೆ?’ ಎಂದು ಕೇಳುತ್ತಾ ಹೋಗಿ

ಇದು ಇಡೀ ಕೆಲಸದ ಜೀವ. ಗಜನಿಯನ್ನೇ ತೆಗೆದುಕೊಳ್ಳೋಣ. ಹೊಳೆ ಸಮುದ್ರ ಸೇರುವ ಕಡೆ ಉಪ್ಪುನೀರು ನುಗ್ಗುವ ತಗ್ಗು ಭೂಮಿ ಅದು. ಸುತ್ತ ಕಟ್ಟೆ, ಕಟ್ಟೆಗೆ ನೀರು ಬಿಡುವ ಬಾಗಿಲು. ಮಳೆಗಾಲದಲ್ಲಿ ಸಿಹಿನೀರು ಬಂದು ಮಣ್ಣಿನ ಉಪ್ಪು ತೊಳೆಯುತ್ತದೆ, ಆಗ ಕಗ್ಗ ಭತ್ತ. ಕಗ್ಗ ಉಪ್ಪು ತಾಳಿಕೊಳ್ಳುತ್ತದೆ, ನೆರೆ ಬಂದು ಕೆಲವು ದಿನ ಮುಳುಗಿದರೂ ಬದುಕುತ್ತದೆ. ಕೊಯ್ಲು ಮುಗಿದ ಮೇಲೆ ಬಾಗಿಲು ತೆರೆದರೆ ಉಬ್ಬರದ ಜೊತೆ ಮೀನು, ಶೆಟ್ಲಿ (ಸಿಗಡಿ) ಒಳಗೆ ಬರುತ್ತವೆ. ಒಂದೇ ನೆಲ, ಅರ್ಧ ವರ್ಷ ಗದ್ದೆ, ಅರ್ಧ ವರ್ಷ ನೀರು.

ಈಗ ಕೇಳಿ. ಬಾಗಿಲು ತೆರೆಯುವವರು ಯಾರು? ನಡುರಾತ್ರಿ ಉಬ್ಬರ ಬಂದರೆ ಯಾರನ್ನು ಎಬ್ಬಿಸಬೇಕು? ಕಟ್ಟೆ ಒಬ್ಬನ ಗದ್ದೆಯ ಹತ್ತಿರ ಒಡೆದರೆ ಉಪ್ಪುನೀರು ಎಲ್ಲರ ಗದ್ದೆಗೂ ನುಗ್ಗುತ್ತದೆ, ಆಗ ರಿಪೇರಿ ಯಾರದು? ಭತ್ತದವರಿಗೆ ಬಾಗಿಲು ಬೇಗ ಮುಚ್ಚಬೇಕು, ಶೆಟ್ಲಿಯವರಿಗೆ ಇನ್ನೂ ಸ್ವಲ್ಪ ದಿನ ತೆರೆದಿರಬೇಕು. ಇಬ್ಬರದೂ ಹೊಟ್ಟೆಪಾಡು. ಕೆಟ್ಟವರು ಯಾರೂ ಇಲ್ಲ, ಆದರೂ ಜಗಳ ಸಿದ್ಧವಾಗಿದೆ. ನೋಡಿ, ರಾಕ್ಷಸ ಬರುವ ಮೊದಲೇ ಒಳ್ಳೆಯ ಕಥೆ ಕೈಗೆ ಬಂತು, ಅಲ್ವಾ?

ಈಗ ಒಂದು ಕಲ್ಪನೆ ಸೇರಿಸಿ. ಒಂದೇ ಒಂದು. ನನ್ನ ಲೋಕದಲ್ಲಿ ಉಪ್ಪುನೀರಿನ ಜೊತೆ ಸಮುದ್ರದಲ್ಲಿ ಸತ್ತವರ ದನಿ ಬರುತ್ತದೆ. ಬಾಗಿಲು ತೆರೆದಿದ್ದ ವರ್ಷ ಆ ದನಿ ಮಣ್ಣಲ್ಲಿ ಉಳಿದು ಭತ್ತದ ಕಾಳಿಗೆ ಇಳಿಯುತ್ತದೆ. ಆ ಅನ್ನ ಉಂಡವರಿಗೆ ಅದು ಕೇಳುತ್ತದೆ. ಇಷ್ಟೇ. ಮತ್ತೆ ‘ಆಮೇಲೆ?’ ಕೇಳಿ. ದೋಣಿ ಮುಳುಗಿ ಗಂಡನನ್ನು ಕಳೆದುಕೊಂಡವಳಿಗೆ ಬಾಗಿಲು ತೆರೆದೇ ಇರಬೇಕು. ಅಜ್ಜನ ಬೈಗುಳ ಇನ್ನೊಮ್ಮೆ ಕೇಳಲು ಇಷ್ಟವಿಲ್ಲದವನಿಗೆ ಮುಚ್ಚಿರಬೇಕು. ಸತ್ತ ನಾವಿಕನಿಗೆ ಮಾತ್ರ ಗೊತ್ತಿದ್ದ ಸಮುದ್ರದ ದಾರಿ ರಾಜನಿಗೆ ಬೇಕು, ಹಾಗಾಗಿ ರಾಜನ ಆಳುಗಳು ಅಕ್ಕಿ ಕೇಳಿಕೊಂಡು ಬರುತ್ತಾರೆ. ಬಾಗಿಲು ಕಾಯುವ ಮುದುಕಿ ಈ ವರ್ಷ ತೆರೆಯುವುದಿಲ್ಲ ಅನ್ನುತ್ತಾಳೆ. ಯಾಕೆ ಎಂದು ಅವಳು ಹೇಳುವುದಿಲ್ಲ.

ಕಲ್ಪನೆ ಮೂರು ನಾಲ್ಕಾದರೆ ಈ ಸರಪಳಿ ಕಡಿದುಹೋಗುತ್ತದೆ. ಹಾರುವ ಹಡಗೂ ಇದ್ದರೆ ಸಮುದ್ರದ ದಾರಿ ಯಾರಿಗೆ ಬೇಕು?

ಗಡಿಯಾರಕ್ಕೆ ಬದಲು ನೀರು

‘ನಿಮಗೆ ಒಂದು ಗಂಟೆ ಸಮಯವಿದೆ’ ಎಂದು ಆಟಗಾರರಿಗೆ ಹೇಳಿದರೆ ಯಾರಿಗೂ ಬಿಸಿ ಮುಟ್ಟುವುದಿಲ್ಲ. ಉಬ್ಬರ ಬರುತ್ತಿದೆ ಎನ್ನಿ. ಉಬ್ಬರದಿಂದ ಇಳಿತಕ್ಕೆ ಆರು ಗಂಟೆಗಿಂತ ಸ್ವಲ್ಪ ಜಾಸ್ತಿ. ದಿನಕ್ಕೆ ಎರಡು ಸಲ ಉಬ್ಬರ, ಮರುದಿನ ಸುಮಾರು 50 ನಿಮಿಷ ತಡ. ಅಮಾವಾಸ್ಯೆ, ಹುಣ್ಣಿಮೆಯ ಹೊತ್ತಿಗೆ ನೀರು ಹೆಚ್ಚು ಏರುತ್ತದೆ. ಆದ್ದರಿಂದ ನಿಮ್ಮ ಲೋಕದ ಕಳ್ಳಸಾಗಣೆದಾರ ತಿಥಿ ನೋಡಿಯೇ ದೋಣಿ ಬಿಡುತ್ತಾನೆ.

ನಾನು ಮೇಜಿನ ಮೇಲೆ ಒಂದು ಬಟ್ಟಲು ಇಡುತ್ತೇನೆ. ಹತ್ತು ನಿಮಿಷಕ್ಕೊಮ್ಮೆ ಒಂದು ಚಮಚ ನೀರು. ಬಟ್ಟಲು ತುಂಬಿ ಚೆಲ್ಲಿದರೆ ಕಟ್ಟೆಯ ದಾರಿ ಮುಳುಗಿತು. ಕೊನೆಯ ಎರಡು ಚಮಚಕ್ಕೆ ಎಲ್ಲರೂ ಬಾಗಿ ನೋಡುತ್ತಾರೆ.

ವರ್ಷದ ಗಡಿಯಾರ ಮಳೆ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಮಳೆಗಾಲಕ್ಕೆ ಮೊದಲು ಮನೆಗಳಲ್ಲಿ ಒಣಮೀನು, ಸೌದೆ, ಉಪ್ಪು ಕೂಡಿಡುತ್ತಾರೆ. ಇದನ್ನು ಲೋಕಕ್ಕೆ ತನ್ನಿ: ಎರಡು ತಿಂಗಳು ಬಂದರು ಮುಚ್ಚಿದೆ, ಹಡಗಿಲ್ಲ, ಸುದ್ದಿ ಇಲ್ಲ. ದೂರದೇಶದ ವ್ಯಾಪಾರಿ ಕೊನೆಯ ಹಡಗು ತಪ್ಪಿಸಿಕೊಂಡ. ಈಗ ಅವನು ಯಾರದೋ ಜಗಲಿಯಲ್ಲಿ ಮಲಗುತ್ತಾನೆ, ಯಾರದೋ ಒಣಮೀನು ತಿನ್ನುತ್ತಾನೆ. ಸಾಲ ಬೆಳೆಯುತ್ತದೆ.

ಘಟ್ಟ ಹತ್ತಿಸಿ, ಬೆಲೆ ಬದಲಿಸಿ

ಊರು ಎಲ್ಲಿ ಹುಟ್ಟಬೇಕು ಎಂದು ನಕ್ಷೆಯ ಮೇಲೆ ಚುಕ್ಕಿ ಇಡುವ ಮೊದಲು ಗೇರುಸೊಪ್ಪೆಯನ್ನು ನೆನಪಿಸಿಕೊಳ್ಳಿ. ಹೊನ್ನಾವರದಿಂದ ಶರಾವತಿಯಲ್ಲಿ ಮೇಲೆ ಬಂದ ದೋಣಿ ಮುಂದೆ ಹೋಗಲಾರದೆ ನಿಲ್ಲುವುದು ಅಲ್ಲಿ. ಅಲ್ಲಿಂದ ಘಟ್ಟ ಶುರು. ಸರಕು ಇಳಿಸಲೇಬೇಕು, ಹಾಗಾಗಿ ಪೇಟೆ ಬೆಳೆಯಿತು, ಸುಂಕ ಬಂತು, ಬಸದಿಗಳು ಎದ್ದವು. 16ನೇ ಶತಮಾನದಲ್ಲಿ ಅಲ್ಲಿಂದ ಆಳಿದ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಕಾಳುಮೆಣಸಿನ ರಾಣಿ’ ಎಂದು ಕರೆದರು. ಒಂದು ಬಳ್ಳಿಯ ಕಾಳಿಗಾಗಿ ಸಮುದ್ರ ದಾಟಿ ಹಡಗು ಬಂದವು. ನಿಮ್ಮ ಲೋಕದ ರಾಣಿಗೆ ಮಾಂತ್ರಿಕ ಕತ್ತಿ ಬೇಕಿಲ್ಲ. ಅವಳ ಕೈಯಲ್ಲಿ ಇರುವ ಬೆಳೆ ಯಾವುದು ಎಂದು ಹೇಳಿ ಸಾಕು.

ಮೂರು ಸರಕಿನ ಪಟ್ಟಿ ಮಾಡಿ: ಉಪ್ಪು, ಒಣಮೀನು, ಕಾಳುಮೆಣಸು. ಸಾಣಿಕಟ್ಟೆಯಂಥ ಉಪ್ಪಿನ ಆಗರದಲ್ಲಿ ಬಿಸಿಲಿದ್ದಾಗ ಉಪ್ಪು ರಾಶಿ ರಾಶಿ, ಮಳೆಗಾಲದಲ್ಲಿ ಘಟ್ಟದ ಮೇಲೆ ಅದೇ ದುಬಾರಿ. ಎತ್ತಿನ ಹೇರು ಒದ್ದೆಯಾದರೆ ಅರ್ಧ ಕರಗಿ ಹೋಯಿತು. ಇಂಥ ಪಟ್ಟಿ ಇದ್ದರೆ ಆಟಗಾರರು ಕತ್ತಿ ಬಿಟ್ಟು ವ್ಯಾಪಾರಕ್ಕೂ ಇಳಿಯುತ್ತಾರೆ.

ನಡಿಗೆಯ ಲೆಕ್ಕವನ್ನೂ ತಿದ್ದಿ. ಆಟದ ನಿಯಮದಲ್ಲಿ ಸಾಮಾನ್ಯ ನಡಿಗೆಗೆ ದಿನಕ್ಕೆ 24 ಮೈಲಿ, ಅಂದರೆ ಸುಮಾರು 39 ಕಿಲೋಮೀಟರ್. ಆ ಲೆಕ್ಕದಲ್ಲಿ ಕುಮಟಾದಿಂದ ಶಿರಸಿಗೆ ಎರಡನೇ ದಿನ ಸಂಜೆಯೊಳಗೆ ತಲುಪಬೇಕು. ಮಳೆಯಲ್ಲಿ ದೇವಿಮನೆ ಘಟ್ಟ ಹತ್ತಿದವರು ಇದನ್ನು ಒಪ್ಪುವುದಿಲ್ಲ. ನಾನು ಘಟ್ಟಕ್ಕೆ ಅರ್ಧ ಮಾಡುತ್ತೇನೆ, ಉಂಬಳ (ಜಿಗಣೆ) ಕಚ್ಚಿದ ಕಾಲಿಗೆ ಬೇರೆಯೇ ದಾಳ ಉರುಳಿಸುತ್ತೇನೆ.

ಇಲ್ಲಿ ಕೈ ತಡೆಯಿರಿ

ಹಾಲಕ್ಕಿ ಒಕ್ಕಲಿಗರು, ಸಿದ್ದಿಗಳು ನಮ್ಮ ನಡುವೆ ಬದುಕುವ ಜನ. ಅವರ ಮಣಿಸರ, ಹಾಡು, ಮೈಬಣ್ಣ ಎತ್ತಿಕೊಂಡು ‘ಕಾಡಿನ ವಿಚಿತ್ರ ಬುಡಕಟ್ಟು’ ಮಾಡುವುದು ತಪ್ಪು. ನನಗೆ ಇದು ಮನಸ್ಸಿಗೆ ತಟ್ಟುವ ವಿಷಯ, ಯಾಕೆಂದರೆ ನಾಳೆ ನಿಮ್ಮ ಮೇಜಿಗೆ ಅದೇ ಊರಿನ ಹುಡುಗಿ ಆಡಲು ಬರಬಹುದು. ಪೂಜೆಯಲ್ಲಿರುವ ದೇವರನ್ನು ಕೊಲ್ಲಬೇಕಾದ ಶತ್ರುವನ್ನಾಗಿಯೂ ಮಾಡಬೇಡಿ. ಬೇಕಾದ ಗುಣ ಮಾತ್ರ ತೆಗೆದುಕೊಳ್ಳಿ. ಶಿರಸಿಯ ಮಾರಿಕಾಂಬಾ ಜಾತ್ರೆಯಿಂದ ನಾನು ತಂದದ್ದು ಒಂದೇ: ಅದು ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ ಎಂಬುದು. ನನ್ನ ಲೋಕದ ಸಂತೆಯೂ ಎರಡು ವರ್ಷಕ್ಕೊಮ್ಮೆ. ‘ಸಂತೆಯಲ್ಲಿ ಕೊಡುತ್ತೇನೆ’ ಎಂದವನಿಗೆ ಸಾಲ ತೀರಿಸಲು ಅಷ್ಟು ದಿನ ಸಿಕ್ಕಿತು.

ಕೊನೆಗೆ ಮೇಜಿನ ಮೇಲೆ

ನಿಮ್ಮ ಪುಸ್ತಕದಲ್ಲಿ ನಲವತ್ತು ಸಂಗತಿ ಇರಬಹುದು. ಹೇಳುವುದು ಎರಡೇ. ಒಂದು ಮೂಗಿಗೆ, ಒಂದು ಕಾಲಿಗೆ. ‘ಕೊಳೆತ ಸೊಪ್ಪಿನ ವಾಸನೆ. ಹೆಜ್ಜೆ ಇಟ್ಟರೆ ಕೆಸರು ಮೊಣಕಾಲಿನವರೆಗೆ ಎಳೆಯುತ್ತದೆ.’ ಅಷ್ಟು ಹೇಳಿ ಸುಮ್ಮನಾಗಿ. ಉಳಿದದ್ದನ್ನು ಅವರು ಕೇಳುತ್ತಾರೆ, ಕೇಳಿದಾಗ ಉತ್ತರ ನಿಮ್ಮ ಹತ್ತಿರ ಇರುತ್ತದೆ.

ಗಜನಿಯ ಕಥೆಯನ್ನು ನಾವು ಆಡಿದ್ದು ಇನ್ನೊಂದು ಮಳೆಯ ಭಾನುವಾರ. ಬಟ್ಟಲಲ್ಲಿ ಒಂದು ಚಮಚಕ್ಕೆ ಜಾಗ ಉಳಿದಿತ್ತು. ಮುದುಕಿ ಬಾಗಿಲಿನ ಮುಂದೆ ನಿಂತಿದ್ದಳು. ಮೊದಲ ದಿನ ಗದ್ದೆ ಎಲ್ಲಿ ಎಂದು ಕೇಳಿದ್ದ ಗೆಳೆಯ ದಾಳವನ್ನು ಕೈಯಲ್ಲೇ ಹಿಡಿದುಕೊಂಡು ಬಹಳ ಹೊತ್ತು ಕೂತ. ಆಮೇಲೆ ಮುದುಕಿಗೆ ಹೇಳಿದ: ‘ಅಮ್ಮ, ಒಂದು ಗೇಣು ಮಾತ್ರ ಎತ್ತುವಾ. ಶೆಟ್ಲಿ ಬರಲಿ. ಭತ್ತಕ್ಕೆ ಎಂತ ಆಗುತ್ತದೆ ಅಂತ ನಾನು ರಾತ್ರಿಯಿಡೀ ಕೂತು ನೋಡುತ್ತೇನೆ.’

ಮುದುಕಿ ಪಕ್ಕಕ್ಕೆ ಸರಿದು ಅವನಿಗೆ ಕೂರಲು ಜಾಗ ಕೊಟ್ಟಳು.